ಇನ್ನೊಬ್ರು ಎಲ್ರೀ?

ನನ್ನ ಸೋದರಮಾವನನ್ನು ನೋಡಲು ಆನವಟ್ಟಿಗೆ ಹೋದರೆ ಈಗ ಅವನು ಸಿಗುವುದಿಲ್ಲ, ಅವನ ತಮ್ಮ ಸಿಗುತ್ತಾನೆ. ತಮಾಷೆಯೆಂದರೆ, ಅವನಿಗೆ ತಮ್ಮನೇ ಇಲ್ಲ!

ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ನಿಗೆ ಮೊದಲು ಮಾವ ಅಂದರೆ ಏನು ಅಂತೀರಿ! ಬಸ್ಸಿನೊಳಗೆ ಅಡ್ಡ ತಿರುಗಿಯೇ ನಡೆಯಬೇಕು. ಇಬ್ಬರ ಸೀಟು ಪೂರ್ತಿ ಅವನಿಗೇ. ಕಂಡಕ್ಟರ್ ಬಾಯಿ ತೆರೆಯುವ ಮೊದಲೇ "ಎರಡು ಕೊಡ್ರಿ" ಅನ್ನುತ್ತಿದ್ದ. ಆಪರೇಷನ್ ಆಗಿ ಮಾವ ಅರ್ಧವಾದ, ಸರಿ. ಆದರೆ ಅಭ್ಯಾಸ ಕರಗಬೇಕಲ್ಲ? ಮೊನ್ನೆಯೂ "ಎರಡು" ಎಂದನಂತೆ. "ಇನ್ನೊಬ್ರು ಎಲ್ರೀ?" ಎಂದು ಕಂಡಕ್ಟರ್ ಕೇಳಿದರೆ, ಇವನೂ ಹಿಂದೆ ತಿರುಗಿ ಹುಡುಕಿದ್ದಾನೆ!

ಶಿಕಾರಿಪುರದ ಟೈಲರ್ ಭಾಯಿ ಹತ್ತಿರ ಅಂಗಿ ಹೊಲಿಸಲು ಹೋದಾಗಲೂ ಇದೇ ಕಥೆ.

"ಅಳತೆ ಹಳೇದೇ ಇರ್ಲಿ."

"ಇದ್ರಾಗೆ ಈಗ ನಿಮ್ಮಂಥೋರು ಇಬ್ರು ಹಿಡೀತಾರಲ್ರೀ ಅಣ್ಣಾರೆ."

"ಇರ್ಲಿ ಭಾಯಿ. ಆ ದಪ್ಪನೋನು ವಾಪಸ್ ಬಂದ್ರೆ ಏನ್ ಹಾಕ್ಕೊತಾನೆ?"

ಅದಾದ ವಾರ ಸಂತೆಯಲ್ಲಿ, ಸೊರಬದ ಕಡೆಯ ಹಳೇ ಪರಿಚಯದವರೊಬ್ಬರು ಮಾವನನ್ನು ನಿಲ್ಲಿಸಿ, "ನಿಮ್ಮಣ್ಣ ಕಾಣೋದೇ ಇಲ್ವಲ್ಲ, ಹುಷಾರಾಗಿದಾರಾ?" ಎಂದರು. ಮಾವ ಗಂಭೀರವಾಗಿ, "ಹುಷಾರಾಗಿದಾನೆ. ನೀವು ಕೇಳಿದ್ರಿ ಅಂತ ಹೇಳ್ತೀನಿ" ಎಂದು ಬಂದುಬಿಟ್ಟ. ಮನೆಯಲ್ಲಿ ಇದನ್ನು ಕೇಳಿ ನಾವು ಬಿದ್ದು ಬಿದ್ದು ನಕ್ಕೆವು. ಅವನೂ ನಕ್ಕ. ಆಮೇಲೆ ಕೇಳಿದ: "ಎಲ್ರೂ ಅವನ್ನೇ ಕೇಳ್ತಾರಲ್ಲೇ. ಹಂಗಾದ್ರೆ ನಾನ್ಯಾರು?" ನಾವು ಅದಕ್ಕೂ ನಕ್ಕೆವು.

ನಿನ್ನೆ ಶಿರಾಳಕೊಪ್ಪದ ನಮ್ಮ ಮನೆಗೆ ಮಾವ ಊಟಕ್ಕೆ ಬರಬೇಕಿತ್ತು. ಅನ್ನ ಆರಿತು, ಸಾರು ಆರಿತು, ಮಾವ ಪತ್ತೆಯಿಲ್ಲ. ಕೊನೆಗೆ ಫೋನು ಬಂತು. ಎಲ್ಲಿಂದ? ನಮ್ಮೂರೂ ದಾಟಿ ಶಿಕಾರಿಪುರದ ಬಸ್ ಸ್ಟ್ಯಾಂಡಿನಿಂದ!

"ಇಳಿಯೋದು ಮರೆತ್ಯಾ ಮಾವ?" ಎಂದು ರೇಗಿದೆ.

"ಮರೀಲಿಲ್ಲ ಕಣೇ, ಏಳೋಕಾಗ್ಲಿಲ್ಲ. ಬಸ್ಸು ಖಾಲಿ ಇದ್ರೂ ಅಜ್ಜಿಯೊಬ್ಳು ನನ್ ಪಕ್ಕಾನೇ ಬಂದು ಕೂತ್ಲು. ಕೂತವಳು ಹೆಗಲ ಮೇಲೆ ತಲೆ ಇಟ್ಟು ನಿದ್ದೆನೇ ಹೋದ್ಲು. ನಿಂಗೊತ್ತಾ, ಬಸ್ನಾಗೆ ನನ್ ಪಕ್ಕ ಯಾರೂ ಕೂತಿದ್ದೇ ಇಲ್ಲ. ಹೆಂಗೆ ಎಬ್ಬಿಸ್ಲಿ ಹೇಳು?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆರಿದ ಸಾರನ್ನು ಮತ್ತೆ ಒಲೆಯ ಮೇಲಿಟ್ಟೆ.

"ಕೇಳ್ತಿದೀಯಾ? ಇಳಿಯೋವಾಗ ಏನಂದ್ಲು ಗೊತ್ತಾ? 'ನಿನ್ ಹೆಗಲು ಭಾಳ ಮೆತ್ತಗೈತಪ್ಪಾ, ಒಳ್ಳೇ ನಿದ್ದೆ ಬಂತು' ಅಂದ್ಲು." ಆಮೇಲೆ ಮಾವ ಮೆಲ್ಲಗೆ ಕೇಳಿದ:

"ಹಂಗಾದ್ರೆ ಆ ದಪ್ಪನೋನೂ ನಾನೇ, ಅಲ್ವೇನೇ?"