ಟವೆಲ್ ಅಡಿಯ ಸುಂಕ

ನಾನು ಶಿಡ್ಲಘಟ್ಟದಲ್ಲಿ ಇಂಗ್ಲಿಷ್ ಮೇಷ್ಟ್ರು. ಹೋದ ವರ್ಷ ಮನೆಯಾಕೆ ತೀರಿಕೊಂಡ ಮೇಲೆ ಯಾರು ಕರೆದರೂ ಹೋಗುತ್ತೇನೆ. ಹಾಗೆ ಹೋಗುವವರಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ.

೧. ಕೈಮುಗಿತ

ಒಂದು ಮಂಗಳವಾರ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಎಂದಿನಂತೆ ಹರಾಜು ನಡೆದಿತ್ತು. ಅಷ್ಟರಲ್ಲಿ ಬೇರೆ ದೇಶದ ಅಗ್ಗದ ರೇಷ್ಮೆ ನೂಲು ಬಂದಿಳಿದ ಸುದ್ದಿ ಬಂತು. ಸಂಜೆಗೆ ನಮ್ಮ ನೂಲನ್ನು ಕೇಳುವವರಿಲ್ಲ. ಗೂಡಿನಿಂದ ನೂಲು ತೆಗೆಯುವ ರೀಲರುಗಳ ಸಂಘದ ಅಧ್ಯಕ್ಷರು ನಮ್ಮ ಪಕ್ಕದ ಮನೆಯವರು. ಆಮದು ಸುಂಕ ಏರದಿದ್ದರೆ ಅವರು ಘಟಕ ಮುಚ್ಚಬೇಕು. ನಾವೊಬ್ಬರೇ ಸುಂಕ ಹಾಕಿಸಿದರೆ ಆ ನೂಲು ಥಾಯ್ಲೆಂಡ್ ಸುತ್ತಿ, ಅಲ್ಲಿಯ ಮಾಲೆಂಬ ಹೆಸರಲ್ಲಿ ಬರುತ್ತದೆ. ಆದ್ದರಿಂದ ಅಲ್ಲಿನ ರೀಲರುಗಳ ಜೊತೆ ಸೇರಿ, ಎರಡೂ ಸರ್ಕಾರಗಳ ಮುಂದೆ ಒಂದೇ ಬೇಡಿಕೆ ಇಡುವುದೆಂದಾಯಿತು. ಮಾತು ದಾಟಿಸಲು ನಾನು.

ಮೊದಲ ವಿಡಿಯೊ ಸಭೆಯಲ್ಲಿ ಥಾಯ್ಲೆಂಡಿನವರು ಮಾತಿಗೊಮ್ಮೆ ಕೈ ಮುಗಿದರು. ನಮ್ಮವರು ಬಿಟ್ಟಾರೆಯೇ? ಪ್ರತಿಸಲವೂ ಎದ್ದು ನಿಂತು ಮುಗಿದರು. ಕೊನೆಗೆ ಅಧ್ಯಕ್ಷರು, "ಸುಂಕ ನಾಳೆ ನೋಡಣ ಮೇಷ್ಟ್ರೇ, ಮಂಡಿ ಹಿಡ್ಕೊಂತು" ಎಂದರು.

೨. ಒಂದೇ ಕಾರು

ಅಧ್ಯಕ್ಷರ ಬೀಗರು ಗೌರಿಬಿದನೂರಿನಲ್ಲಿ ಮಗ್ಗ ಇಟ್ಟವರು. ಅವರಿಗೆ ಅಗ್ಗದ ನೂಲೇ ಬೇಕು. ಅವರ ಸಂಘದ ಬೆನ್ನಿಗೆ ವಿದೇಶದ ಬಟ್ಟೆ ವ್ಯಾಪಾರಿಗಳಿದ್ದರು. ಬೆಂಗಳೂರಿನಲ್ಲಿ ಅಧಿಕಾರಿಗಳು ಸುಂಕದ ಅಹವಾಲು ಕೇಳಲು ಎರಡೂ ಕಡೆಯವರನ್ನು ಒಂದೇ ದಿನ ಕರೆದರು. ಬೀಗರು ಚಿಕ್ಕಬಳ್ಳಾಪುರದಲ್ಲಿ ನಮ್ಮ ಕಾರನ್ನೇ ಹತ್ತಿಕೊಂಡರು. ಅಧಿಕಾರಿಗಳ ಮುಂದೆ ಇಬ್ಬರೂ ಒಬ್ಬರನ್ನೊಬ್ಬರು ದೇಶ ಮಾರುವವರೆಂದು ಬೈದುಕೊಂಡರು. ಹೊರಬಂದ ಮೇಲೆ ಬೀಗರು ಬುತ್ತಿ ಬಿಚ್ಚಿ, "ಮುನಿಸ್ಕೊಂಡು ಊಟ ಬಿಡಬೇಡಿ ಬೀಗರೇ, ಕಟ್ಟಿಕೊಟ್ಟಿರೋಳು ನಿಮ್ಮ ಮಗಳೇ" ಎಂದರು.

೩. ಟವೆಲ್

ಥಾಯ್ಲೆಂಡಿನ ಪ್ರತಿನಿಧಿ ಖುದ್ದಾಗಿ ಬಂದರು. ಎಷ್ಟು ಸುಂಕ ಕೇಳುವುದೆಂದು ಅಂದೇ ತೀರ್ಮಾನವಾಗಬೇಕಿತ್ತು. ಸಭೆಯಲ್ಲಿ ಬೀಗರ ಕಡೆಯವರೂ ಸೇರಿದ್ದಾರೆಂದು ಅಧ್ಯಕ್ಷರಿಗೆ ಗುಮಾನಿ. ಅಂಕಿಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಅವರು ಚಿಂತಾಮಣಿಯ ದನದ ಸಂತೆಯಲ್ಲಿ ದಲ್ಲಾಳಿಗಳು ಗುಟ್ಟಾಗಿ ಬೆಲೆ ಕುದುರಿಸುವ ಹಾಗೆ ಹೆಗಲ ಟವೆಲನ್ನು ಅತಿಥಿಯ ಕೈ ಮೇಲೆ ಹೊದಿಸಿ, ಅದರಡಿ ಎರಡು ಬೆರಳು ಹಿಡಿದರು. ಬೆರಳಿಗೆ ಹತ್ತರಂತೆ ಶೇಕಡಾ ಇಪ್ಪತ್ತು. ಅತಿಥಿ ಇದು ಇಲ್ಲಿಯ ಮರ್ಯಾದೆ ಎಂದುಕೊಂಡು, ನಗುತ್ತ ಅಧ್ಯಕ್ಷರ ಐದು ಬೆರಳನ್ನೂ ಭದ್ರವಾಗಿ ಹಿಡಿದರು.

ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಾಗಿ, "ಐವತ್ತು ಅಂತಾರೆ. ಗುಂಡಿಗೆ ನೋಡಿ ಮೇಷ್ಟ್ರೇ" ಎಂದರು.

ಆದದ್ದನ್ನು ನಾನು ಅತಿಥಿಗೆ ಇದ್ದ ಹಾಗೆ ಬಿಡಿಸಿ ಹೇಳಿದೆ. ಅವರು ಹಿಡಿದ ಕೈ ಬಿಡದೆಯೇ ಕೇಳಿದರು: "ಈಗ ಕೈ ಬಿಟ್ಟರೆ ಕಡಿಮೆಯಾಗುತ್ತದೆಯೇ?"

ಅಧ್ಯಕ್ಷರು ಆಗುತ್ತದೆ ಎಂದರು. ಅತಿಥಿ ಬಲಗೈ ಸಡಿಲಿಸದೆ ಊಟಕ್ಕೂ ಎಡಗೈಯಲ್ಲೇ ಚಮಚ ಹಿಡಿದರು.

ಮನವಿ ಐವತ್ತೆಂದೇ ಹೋಗಿದೆ. ಉತ್ತರ ಬಂದಿಲ್ಲ. ಇವತ್ತು ಬೆಳಿಗ್ಗೆಯೂ ಅಧ್ಯಕ್ಷರ ಘಟಕದಲ್ಲಿ ಗೂಡು ಬೇಯಿಸುವ ಒಲೆ ಹೊತ್ತಿತ್ತು.