ಹನ್ನೆರಡು ಗಂಟೆಯ ಗಾಳಿ

ರಂಗೇಶನ ಆ ದಿನದ ತೊಂದರೆಯೆಲ್ಲ ಶುರುವಾದದ್ದು ಈರಕ್ಕನ ಒಳ್ಳೆಯತನದಿಂದ.

ಮಧುಗಿರಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದ ಮೋಡಬಿತ್ತನೆ ಸಂಶೋಧನೆಯವರ ಹತ್ತಿರ ಅವನಿಗೆ ಕೆಲಸ. ಮೋಡ ಬಿತ್ತುವ ಹೊಗೆಯನ್ನು ಬೆಟ್ಟದ ಮೇಲಿಂದ ಬಿಟ್ಟರೆ ಗಾಳಿ ಅದನ್ನು ಮೋಡಕ್ಕೆ ಮುಟ್ಟಿಸುತ್ತದೋ, ಯಾರದೋ ಹೊಲಕ್ಕೆ ಇಳಿಸುತ್ತದೋ ಮೊದಲು ತಿಳಿಯಬೇಕಲ್ಲ? ಅದಕ್ಕೆ ಬಣ್ಣವೂ ವಾಸನೆಯೂ ಇಲ್ಲದ ಒಂದು ಗುರುತಿನ ಅನಿಲವನ್ನು ಬೆಟ್ಟದ ತುದಿಯಲ್ಲಿ ಬಿಡುವುದು. ಸುತ್ತಲ ಊರುಗಳಲ್ಲಿ ಗಂಟೆಗೊಂದು ಚೀಲ ಗಾಳಿ ಹಿಡಿದು ತರುವುದು. ಯಾವ ಚೀಲದಲ್ಲಿ ಆ ಅನಿಲ ಸಿಕ್ಕಿತೆಂದು ಯಂತ್ರದಲ್ಲಿ ನೋಡುವುದು. ರಂಗೇಶನ ಪಾಲಿಗೆ ಬಂದದ್ದು ಕೊಡಿಗೇನಹಳ್ಳಿ ಪಕ್ಕದ ಒಂದು ಹಟ್ಟಿಯ ಗಾಳಿ.

ಈ ಕೆಲಸವನ್ನು ಅವನು ಕಾಡಿ ಬೇಡಿ ಪಡೆದಿದ್ದ. ಮೊದಲು ಅವನನ್ನು ಹಾಕಿದ್ದು ಬೆಟ್ಟದ ತುದಿಗೆ. ಮಧುಗಿರಿ ಬೆಟ್ಟವೆಂದರೆ ಒಂದೇ ಬಂಡೆ. ಅರ್ಧ ಹತ್ತುವಷ್ಟರಲ್ಲಿ ಅವನು ಕಂಬಿ ತಬ್ಬಿಕೊಂಡು ಗೋಡೆಯ ಹಲ್ಲಿಯ ಹಾಗೆ ಅಂಟಿಬಿಟ್ಟಿದ್ದ. ಬಿಡಿಸಿ ಕೆಳಗಿಳಿಸಲು ಇಬ್ಬರು ಬೇಕಾದರು. "ನೆಲದ ಮೇಲೆ ಏನ್ ಕೆಲ್ಸ ಆದ್ರೂ ಕೊಡಿ ಮೇಡಂ" ಎಂದು ಸಂಶೋಧನೆಯ ಮುಖ್ಯಸ್ಥೆ ಸ್ನೇಹಲತಾ ಮೇಡಂಗೆ ಕೈ ಮುಗಿದಿದ್ದ. ಕೊಟ್ಟರು. ಹೋದ ವಾರ ಒಂದು ಚೀಲಕ್ಕೆ ಮೇಕೆ ಬಾಯಿ ಹಾಕಿತು. "ಇನ್ನೊಂದು ಚೀಲ ಕೆಟ್ಟರೆ ಬೇರೆಯವರನ್ನು ನೋಡ್ತೀನಿ ರಂಗೇಶ್" ಎಂದು ಮೇಡಂ ಮೆಲ್ಲಗೇ ಹೇಳಿದ್ದರು. ಅವರು ಮೆಲ್ಲಗೆ ಹೇಳಿದ್ದೇ ಅವನಿಗೆ ಹೆಚ್ಚು ಹೆದರಿಕೆ ತಂದಿತ್ತು.

ಅವತ್ತು ಹತ್ತು, ಹನ್ನೊಂದು, ಹನ್ನೆರಡು ಗಂಟೆಯ ಚೀಲಗಳನ್ನು ಕೈಪಂಪಿನಿಂದ ತುಂಬಿ, ಬಾಯಿಗೆ ಕ್ಲಿಪ್ ಹಾಕಿ, ಗಂಟೆ ಬರೆದ ಚೀಟಿ ಅಂಟಿಸಿದ. ಚೀಲಗಳು ಬಿಸಿಲಲ್ಲಿ ಇರಬಾರದು. ಹಟ್ಟಿಯ ಮೊದಲ ಮನೆ ಈರಕ್ಕನದು. ಅವಳ ಜಗಲಿಯ ನೆರಳಲ್ಲಿ ಮೂರನ್ನೂ ಇಟ್ಟು, "ಅಕ್ಕಾ, ಮೇಕೆ ಬಂದ್ರೆ ಓಡ್ಸು" ಎಂದು ಹೇಳಿ, ಒಂದು ಗಂಟೆಯ ಗಾಳಿ ಹಿಡಿಯಲು ದಿಬ್ಬ ಹತ್ತಿದ. ಮೇಕೆಯ ವಿಷಯ ಹೇಳಿದನೇ ಹೊರತು ಈರಕ್ಕನ ವಿಷಯ ಅವನಿಗೆ ಹೊಳೆಯಲಿಲ್ಲ.

ತಿರುಗಿ ಬಂದಾಗ ಹನ್ನೆರಡರ ಚೀಲ ಬೇರೆಯೇ ಆಕಾರದಲ್ಲಿ ಕೂತಿತ್ತು. ಎತ್ತಿದರೆ ಗಲಗಲ ಎಂದಿತು.

"ಅಕ್ಕಾ, ಏನಿದು?"

"ಕಡ್ಲೇಕಾಯಿ ಕಣಪ್ಪ. ಈಗ್ತಾನೆ ಉರಿದಿದ್ದು."

"ಇದ್ರಾಗೆ ಗಾಳಿ ಇತ್ತಲ್ಲಕ್ಕಾ!"

"ಊಂ, ಬರೀ ಗಾಳೀನೇ. ಚೆನ್ನಾಗಿ ಇಂಡಿ ತೆಗೆದ್ಬುಟ್ಟೆ. ಓದ್ವಾರ ನಮ್ಮನೆಗೆ ಬಾಳೆಅಣ್ಣು ತಂದ್ಕೊಟ್ಯಲ್ಲ, ಈಗ ನಿನ್ ಚೀಲಾನ ಬರಿದಾಗಿ ಕಳುಸ್ಲಾ? ನಮ್ಮತ್ತೆ ಬದುಕಿದ್ರೆ ಕೆನ್ನೆಗೆ ಬುಟ್ಟಿರೋಳು."

ಅಕ್ಕಪಕ್ಕದಿಂದ ಬಂದ ಬಟ್ಟಲನ್ನು ಒಂದು ಚಿಟಿಕೆ ಸಕ್ಕರೆಯಾದರೂ ಹಾಕದೆ ಹಿಂದಕ್ಕೆ ಕಳಿಸದ ಮನೆ ಅದು. ರಂಗೇಶನಿಗೆ ಬಯ್ಯಲು ಬಾಯಿ ಬರಲಿಲ್ಲ.

"ಉಳಿದೆರಡಕ್ಕೂ ಆಕಾನ ಅಂತಿದ್ದೆ, ಅಷ್ಟ್ರಾಗೆ ನೀನೇ ಬಂದ್ಬುಟ್ಟೆ" ಎಂದು ಈರಕ್ಕ ಬೇಜಾರು ಮಾಡಿಕೊಂಡಳು.

ರಂಗೇಶ ಜಗಲಿಯಲ್ಲಿ ಉಳಿದಿದ್ದ ಎರಡು ಚೀಲಗಳನ್ನು ಅವಳಿಜವಳಿ ಕೂಸುಗಳಂತೆ ಎದೆಗವುಚಿಕೊಂಡ. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದ ಈರಕ್ಕನ ಮೈದುನ ಬೋರಣ್ಣ ಎಲ್ಲವನ್ನೂ ಕೇಳಿ ನಕ್ಕ.

"ಗಾಳಿ ತಾನೇ? ಅದ್ಕೂ ಅಳ್ತಾರೇನ್ಲಾ? ತತ್ತಾ ಇಲ್ಲಿ."

ಬೇಡ ಅನ್ನುವುದರೊಳಗೆ ಕಡ್ಲೇಕಾಯಿಯನ್ನು ಮೊರಕ್ಕೆ ಸುರಿದು, ಚೀಲದ ಬಾಯಿಗೆ ತನ್ನ ಬಾಯಿಟ್ಟು, ಕೆನ್ನೆ ಉಬ್ಬಿಸಿ ಊದಿಯೇ ಊದಿದ. ಮೂರು ಉಸಿರಿಗೆ ಚೀಲ ತುಂಬಿತು. ಬೀಡಿಯ ಘಾಟೂ ತುಂಬಿತು.

"ತಗಾ. ಮೊದ್ಲಿಗಿಂತ ಗಟ್ಟಿ ಅದೆ."

"ಹನ್ನೆರಡು ಗಂಟೇದು ಬೇಕಿತ್ತು ಬೋರಣ್ಣ!"

"ಅನ್ನೆರಡಕ್ಕೂ ಇದೇ ಗಾಳಿ, ಈಗ್ಲೂ ಇದೇ ಗಾಳಿ ಕಣ್ಲಾ. ಗಾಳಿಗೇನ್ ವಾಚ್ ಕಟ್ಟವ್ರಾ?"

ಬೀಡಿಯ ಗಾಳಿಯನ್ನು ಹೊರಹಾಕಿ, ಚೀಲವನ್ನು ಮತ್ತೆ ಮತ್ತೆ ಒದರಿ, ಪಂಪಿನಿಂದ ಹೊಸ ಗಾಳಿ ತುಂಬುವಾಗ ಎರಡು ಗಂಟೆ. ಚೀಟಿಯಲ್ಲಿ ಮಾತ್ರ ಹನ್ನೆರಡೇ ಉಳಿಯಿತು. ಕಡ್ಲೇಕಾಯಿಯನ್ನು ಈರಕ್ಕ ಬಿಡದೆ ಅವನ ಟವೆಲ್ಲಿಗೆ ಕಟ್ಟಿದಳು.

ಬಸ್ಸಿನಲ್ಲಿ ಕಂಡಕ್ಟರ್ ನಾಲ್ಕು ಉಬ್ಬಿದ ಚೀಲ ನೋಡಿ, "ಏನ್ರೀ ಲಗೇಜು?" ಎಂದ.

"ಗಾಳಿ."

"ಗಾಳಿಗೆ ನಾನ್ ಯಾವ್ ಟಿಕೆಟ್ ಹರೀಲಿ?"

ಬಸ್ಸೆಲ್ಲ ನಕ್ಕಿತು. ಪಕ್ಕದ ಹೆಂಗಸು, "ದಿಂಬಿದ್ದಂಗದೆ, ಕೊಡಪ್ಪ, ಮಗೂಗೆ" ಎಂದು ಕೈ ಚಾಚಿದಳು. ಮಧುಗಿರಿವರೆಗೂ ರಂಗೇಶ ನಿಂತೇ ಬಂದ. ಅವನಿಗೆ ಬೇರೆಯದೇ ಚಿಂತೆ. ಈ ಸುಳ್ಳು ಚೀಟಿ ನಂಬಿಕೊಂಡು ಲೆಕ್ಕ ಹಾಕಿ, ನಾಳೆ ಹೊಗೆಯೆಲ್ಲ ಗಡಿ ದಾಟಿ, ಮಳೆ ಹಿಂದೂಪುರದಲ್ಲಿ ಸುರಿದರೆ? ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ನಿದ್ದೆ ಹೋಗುತ್ತದೆ.

ಸಂಜೆ ಮೇಡಂ ಚೀಲಗಳನ್ನು ಒಂದೊಂದಾಗಿ ಯಂತ್ರಕ್ಕೆ ಕೊಟ್ಟರು. ಹನ್ನೆರಡರದು ಬಂದಾಗ ರಂಗೇಶ ಉಸಿರು ಹಿಡಿದ.

"ಸೊನ್ನೆ" ಎಂದರು ಮೇಡಂ. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. "ಪೂರ್ತಿ ಸೊನ್ನೆ."

ಅಷ್ಟೇ ಸಾಕಾಯಿತು. ರಂಗೇಶ ಕಡ್ಲೇಕಾಯಿ, ಬೀಡಿ, ಬೋರಣ್ಣನ ಕೆನ್ನೆ, ಎರಡು ಗಂಟೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟ. ಮೇಡಂ ಕನ್ನಡಕ ತೆಗೆದಿಟ್ಟು ಕಣ್ಣೀರು ಬರುವಷ್ಟು ನಕ್ಕರು.

"ರಂಗೇಶ್, ಇವತ್ತು ಬೆಟ್ಟದ ಮೇಲೆ ಅನಿಲ ಬಿಡಲೇ ಇಲ್ಲ."

"ಆಂ?"

"ಆಗಾಗ ಒಂದು ದಿನ ಹೀಗೆ ಬಿಡದೇ ನೋಡ್ತೀವಿ. ಎಲ್ಲ ಚೀಲದಲ್ಲೂ ಸೊನ್ನೆ ಬಂದರೆ ಯಂತ್ರ ಸರಿಯಿದೆ ಅಂತ. ಮೊದಲೇ ಹೇಳಿದ್ರೆ ನೀವೆಲ್ಲ ಹುಣಸೆಮರದ ಕೆಳಗೆ ಮಲಗಿಬಿಡ್ತೀರಿ. ಅದಕ್ಕೇ ಹೇಳಲಿಲ್ಲ."

"ಹಂಗಾದ್ರೆ ನನ್ ಕೆಲ್ಸ?"

"ಕೆಲಸ ಎಲ್ಲೂ ಹೋಗಲ್ಲ."

ಎದೆಯ ಮೇಲಿಂದ ಇಡೀ ಮಧುಗಿರಿ ಬೆಟ್ಟವನ್ನೇ ಯಾರೋ ಎತ್ತಿ ಆಚೆಗಿಟ್ಟ ಹಾಗಾಯಿತು. ರಂಗೇಶ ಟವೆಲ್ ಬಿಚ್ಚಿದ. ಇಬ್ಬರೂ ಕಡ್ಲೇಕಾಯಿ ಸುಲಿದು ತಿಂದರು. ಅಂಥ ರುಚಿಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಸುಮ್ಮನಿದ್ದಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ" ಎಂದರು ಮೇಡಂ, ಸಿಪ್ಪೆ ಒಟ್ಟುಮಾಡುತ್ತ. "ಆದರೂ ಹೇಳಿದ್ರಿ. ಇಂಥವರನ್ನೇ ನಾನು ಹುಡುಕ್ತಿದ್ದೆ. ಅನಿಲ ಬಿಟ್ಟ ನಿಮಿಷ ಸುಳ್ಳಿಲ್ಲದೆ ಬರೆಯೋರು ಬೇಕು. ಈಗಿರೋರು ಅರ್ಧಕ್ಕೇ ಕೂತು ಅಂದಾಜಲ್ಲಿ ಬರೀತಾರೋ ಏನೋ ಅಂತ ನನಗೆ ಅನುಮಾನ. ನಾಳೆಯಿಂದ ಆ ಕೆಲಸ ನಿಮ್ಮದು."

"ಎಲ್ಲಿ ಮೇಡಂ?" ಎಂದ ರಂಗೇಶ, ಗೊತ್ತಿದ್ದೂ.

"ತುದೀಲಿ. ನಿಧಾನವಾಗಿ ಹತ್ತಿ, ಅವಸರ ಇಲ್ಲ. ಬೆಳಿಗ್ಗೆ ಐದಕ್ಕೆ ಹೊರಟರೆ ಸಾಕು."

ರಂಗೇಶ ಕಿಟಕಿಯಾಚೆ ನೋಡಿದ. ಈಗಷ್ಟೇ ಅವನ ಎದೆಯಿಂದ ಇಳಿದ ಬೆಟ್ಟ ಅಲ್ಲೇ ಕಾಯುತ್ತಾ ನಿಂತಿತ್ತು.