ಲಾಟೆಯ ಲಾಟು

೧೯೯೨ರ ಮೇ ನಾಲ್ಕನೇ ತಾರೀಖು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಶಿಡ್ಲಘಟ್ಟದಲ್ಲಿ ಕಾಫಿಯನ್ನು ರೇಷ್ಮೆಗೂಡು ಎಂದು ಪರಿಗಣಿಸಲಾಯಿತು. ಇದರಲ್ಲಿ ಯಾರದೂ ತಪ್ಪಿಲ್ಲ.

ಟೀ ಹೋಟೆಲಿನ ಖಾಜಾ ಪೀರ್, ಮಗಳು ತಾಹಿರಾಳ ಮದುವೆಗೆಂದು ಬೆಂಗಳೂರಿನಲ್ಲಿ ಮುಚ್ಚಿಹೋದ ಹೋಟೆಲೊಂದರಿಂದ ಎಸ್ಪ್ರೆಸೊ ಯಂತ್ರ ತರಿಸಿದ್ದ. ಚಿಂತಾಮಣಿಯ ಬೀಗರು ಸ್ಕೂಟರ್ ಕೇಳಿರಲಿಲ್ಲ, ವಾಚು ಕೇಳಿರಲಿಲ್ಲ. ಹುಡುಗನ ಅಜ್ಜಿ ಅಜೀಜಾ ಬೀ ಮಾತ್ರ ಎಲ್ಲೋ ಒಂದು ಮದುವೆಯಲ್ಲಿ ನೊರೆ ಕಾಫಿಯ ರುಚಿ ಹತ್ತಿಸಿಕೊಂಡು ಬಂದಿದ್ದರು. ಅದಿಲ್ಲದ ಚಪ್ಪರಕ್ಕೆ ಕಾಲಿಡುವುದಿಲ್ಲ ಎಂದುಬಿಟ್ಟರು. ಅಜ್ಜಿ ಕಾಲಿಡದಿದ್ದರೆ ಬೀಗರೂ ಕಾಲಿಡುವ ಹಾಗಿಲ್ಲ. ಮದುವೆ ಹದಿನೇಳನೇ ತಾರೀಖು ಭಾನುವಾರ.

ಲಾರಿಯಿಂದ ಇಳಿಸುವಾಗ ಯಂತ್ರದ ಹಿತ್ತಾಳೆ ಬಾಯ್ಲರು, ಹಬೆಯ ಕೊಳವೆ ಎರಡೂ ರೇಷ್ಮೆ ಇಲಾಖೆಯ ಹಬೆಯಂತ್ರ ತಪಾಸಣಾಧಿಕಾರಿ ರಾಮಾಂಜಿನಪ್ಪನವರ ಕಣ್ಣಿಗೆ ಬಿದ್ದವು. ಆ ಊರಿನಲ್ಲಿ ಬಾಯ್ಲರು ಎಂದರೆ ಗೂಡು ಬೇಯಿಸಿ ನೂಲು ತೆಗೆಯುವುದಕ್ಕೇ. ಇಡ್ಲಿಯ ಹಬೆ ಅವರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಇದು ಕಾಫಿಯದು ಎಂದು ಸಾಬೀತು ಮಾಡಲು ಖಾಜಾ ಪೀರ್ ಯಂತ್ರದ ಪಕ್ಕಕ್ಕೆ ಅಂಟಿಸಿದ್ದ ಪಟ್ಟಿಯನ್ನು ತೋರಿಸಿದ. ಪಾಪ, ಬೇರೇನು ತೋರಿಸಿದ್ದರೂ ನಡೆಯುತ್ತಿತ್ತು. ಅದರಲ್ಲಿ ನಾಲ್ಕು ಕಾಫಿಗಳ ಚಿತ್ರವಿತ್ತು, ಕೆಳಗೆ ಇಂಗ್ಲಿಷಿನಲ್ಲಿ ಹೆಸರುಗಳಿದ್ದವು. ರಾಮಾಂಜಿನಪ್ಪನವರ ಬೆರಳು ಮೂರನೆಯದರ ಮೇಲೆ ನಿಂತಿತು.

“ನೀವೇ ಬರೆಸಿ ಅಂಟಿಸ್ಕೊಂಡಿದೀರಲ್ಲ ಸಾಬ್ರೇ, ಲಾಟು ಅಂತ.”

“ಲಾಟಲ್ಲ ಸಾರ್, ಲಾಟೆ. ಹಾಲು ಜಾಸ್ತಿ ಇರ್ತದೆ, ಅಷ್ಟೇ.”

“ಹಾಲಿರಲಿ, ನೀರಿರಲಿ. ಲಾಟು ಲಾಟೇ.”

ರೈತ ಮಾರಾಟಕ್ಕೆ ತಂದ ಗೂಡಿನ ರಾಶಿಗೆ ಅಲ್ಲಿ ಲಾಟು ಎನ್ನುತ್ತಾರೆ. ಲಾಟು ಎಂದಮೇಲೆ ಪರೀಕ್ಷೆಯಾಗಬೇಕು, ದರ್ಜೆ ಗೊತ್ತಾಗಬೇಕು. ಯಂತ್ರವನ್ನು ಕಚೇರಿಯ ವರಾಂಡದಲ್ಲಿ ಇರಿಸಿಕೊಳ್ಳಲಾಯಿತು. ಮಾದರಿ ತಯಾರಿಸಲು ಖಾಜಾ ಪೀರ್ ಹಾಲು, ಸಕ್ಕರೆ, ಪುಡಿ ಸಮೇತ ದಿನವೂ ಹಾಜರಾಗಬೇಕಾಯಿತು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದು ಕೇಳುವುದು ರೂಢಿ. ರಾಮಾಂಜಿನಪ್ಪನವರು ಲೋಟವನ್ನೂ ಹಾಗೆಯೇ ಅಲ್ಲಾಡಿಸಿದರು. ಸದ್ದು ಕೇಳಿಸಲಿಲ್ಲ, ಅಂಗಿ ನೆನೆಯಿತು. ಎರಡನ್ನೂ ಕಡತದಲ್ಲಿ ನಮೂದಿಸಿದರು. ಒಂದು ಸಲದ ಪರೀಕ್ಷೆ ಸಾಲದೆಂದು ಸಿಬ್ಬಂದಿಯ ಒಂಬತ್ತು ಮಂದಿ ದಿನಕ್ಕೆ ಮೂರು ಸಲದಂತೆ ಹನ್ನೊಂದು ದಿನ ಪರೀಕ್ಷಿಸಿದರು. ರಜೆಯಲ್ಲಿದ್ದ ಗುಮಾಸ್ತ ಆವುಲಪ್ಪ ರಜೆ ರದ್ದು ಮಾಡಿಸಿಕೊಂಡು ಬಂದ. ಹದಿನೈದರಂದು ಆದೇಶ ಹೊರಬಿತ್ತು.

‘ಎಸ್ಪ್ರೆಸೊ ಎಂಬುದು ಗಾತ್ರದಲ್ಲಿ ಚಿಕ್ಕದು, ಗಟ್ಟಿ, ಕಪ್ಪು, ಒಳಗಿನ ಹುಳು ಸತ್ತಿರುವ ಸಂಶಯವಿದೆ. ಕಪ್ಪುಚಿನೊ ಹೆಸರಿನಲ್ಲಿ ಕಪ್ಪು, ನೋಟಕ್ಕೆ ಬಿಳಿ. ಈ ಬಗ್ಗೆ ಮಾರಾಟಗಾರನಿಂದ ವಿವರಣೆ ಕೇಳಲಾಗಿದೆ. ಅದರ ನೊರೆ ಜಾಳಾದ್ದರಿಂದ ತೂಕದಲ್ಲಿ ಕಳೆಯತಕ್ಕದ್ದು. ಮಚ್ಚಿಯಾಟೊ ಮೇಲೆ ಮಚ್ಚೆ ಇರುವುದರಿಂದ ರೋಗಪೀಡಿತ, ಕೂಡಲೇ ಸುಡತಕ್ಕದ್ದು. (ಎರಡು ಬಾರಿ ಪ್ರಯತ್ನಿಸಲಾಗಿ, ಎರಡು ಬಾರಿಯೂ ಬೆಂಕಿ ಆರಿರುತ್ತದೆ.) ಲಾಟೆ ಮಾತ್ರ ಉತ್ತಮ ಲಾಟು. ಆದರೆ ಇದನ್ನು ಲೈಸೆನ್ಸುಳ್ಳ ನೂಲು ಬಿಚ್ಚುವವರಿಗೆ ಹೊರತು ಅನ್ಯರಿಗೆ ಕೊಡಕೂಡದು.’

ಖಾಜಾ ಪೀರ್ ಕಚೇರಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಮದುವೆಗೆ ಬರುವವರು ಮದುಮಗಳೂ ಸೇರಿ ನಾನೂರ ಹನ್ನೆರಡು ಮಂದಿ. ಅವರಲ್ಲಿ ಲೈಸೆನ್ಸು ಇದ್ದವರು ಒಬ್ಬರೂ ಇಲ್ಲ. ಮಗಳ ಮುಖ ನೆನೆದು ಅವನಿಗೆ ಅಳುವೇ ಬಂತು. ರಾಮಾಂಜಿನಪ್ಪನವರೇನು ಕಲ್ಲುಹೃದಯದವರಲ್ಲ. ಪಕ್ಕದಲ್ಲೇ ಕೂತು ಸಮಾಧಾನ ಹೇಳಿದರು. ನೆಂಟರಿಗೆ ಕಾಫಿ ಕೊಡುವಂತಿಲ್ಲ, ನಿಜ. ನೆಂಟರೆಲ್ಲ ನೂಲು ಬಿಚ್ಚುವವರಾಗುವುದನ್ನು ಯಾವ ಕಾನೂನೂ ತಡೆಯುವುದಿಲ್ಲ ಎಂದರು.

ಭಾನುವಾರ ಚಪ್ಪರದ ಬಾಗಿಲಲ್ಲಿ ಅತ್ತರು ಹಚ್ಚುವವರ ಪಕ್ಕ ಆವುಲಪ್ಪ ಮೇಜು ಹಾಕಿಕೊಂಡು ಒಂದು ದಿನದ ತಾತ್ಕಾಲಿಕ ಲೈಸೆನ್ಸು ಬರೆದ. ಮೊದಲು ಬಂದವರು ಅಜೀಜಾ ಬೀ. ಖಾಜಾ ಪೀರ್ ಕಚೇರಿಯಿಂದ ಬಿಡಿಸಿ ತಂದ ಯಂತ್ರದ ಪಕ್ಕ ಲೋಟ ಹಿಡಿದು ನಿಂತ. ದಿನಕ್ಕೆ ಎಷ್ಟು ನೂಲು ತೆಗೆಯುತ್ತೀರಿ ಎಂದು ಆವುಲಪ್ಪ ಕೇಳಿದ.

“ಮೊಣಕಾಲು ನೋವಪ್ಪ, ಸದ್ಯಕ್ಕೆ ನಿಲ್ಸಿದೀನಿ,” ಎಂದರು ಅಜೀಜಾ ಬೀ.

ಉತ್ತರ ಕ್ರಮಬದ್ಧವಾಗಿತ್ತು. ಅವರು ಹೆಬ್ಬೆಟ್ಟು ಒತ್ತಿದರು, ಒಂದನೇ ನಂಬರಿನ ಲಾಟೆಯನ್ನು ಕುಡಿದರು, ನೊರೆ ಒರೆಸಿಕೊಂಡು ಚಪ್ಪರಕ್ಕೆ ಕಾಲಿಟ್ಟರು. ಹಿಂದೆ ಬೀಗರೆಲ್ಲ ಸಾಲಾಗಿ ಬಂದು ಲೈಸೆನ್ಸು ಪಡೆದರು. ನಿಕಾಹ್ ಸಾಂಗವಾಗಿ ನಡೆಯಿತು.

ತಾಲ್ಲೂಕಿನಲ್ಲಿ ನೂಲು ಬಿಚ್ಚುವವರ ಸಂಖ್ಯೆ ಒಂದೇ ದಿನಕ್ಕೆ ನಾನೂರ ಹನ್ನೆರಡು ಏರಿದ್ದಕ್ಕೆ ರಾಮಾಂಜಿನಪ್ಪನವರಿಗೆ ಪ್ರಶಂಸಾಪತ್ರ ಬಂತು. ಗೌರಿಬಿದನೂರು, ಚಿಕ್ಕಬಳ್ಳಾಪುರದ ಅಧಿಕಾರಿಗಳಿಗೆ, ತಮ್ಮಲ್ಲಿ ಮದುವೆಗಳು ಏಕೆ ನಡೆಯುತ್ತಿಲ್ಲವೆಂದು ನೋಟೀಸು ಹೋಯಿತು.

ಮದುವೆಯ ದಿನ ಸಂಜೆ ಗಂಡನ ಮನೆಗೆ ಹೊರಟ ತಾಹಿರಾ ತನ್ನ ಪಾಲಿನ ಲಾಟೆಯನ್ನು ಹಿಡಿದು ಅಪ್ಪನ ಬಳಿಗೆ ಬಂದಳು. ಬೆಳಗಿನಿಂದ ನಾನೂರು ಲೋಟ ಮಾಡಿದವನು ಒಂದು ಗುಟುಕೂ ಕುಡಿದಿರಲಿಲ್ಲ.

“ಅಬ್ಬಾ, ಇದ್ರಲ್ಲಿ ಅರ್ಧ ನೀವು ಕುಡೀರಿ.”

ಖಾಜಾ ಪೀರ್ ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡ.

“ಬೇಡಮ್ಮ. ನಂದು ಮಾರೋರ ಕಡೆ. ನಾನು ಕುಡಿದ್ರೆ ನಿನ್ ಲೈಸೆನ್ಸು ಹೋಗ್ತದೆ.”

ಅಪ್ಪ ಹೇಳಿದ್ದು ನ್ಯಾಯವೆಂದು ತಾಹಿರಾಳಿಗೂ ಅನ್ನಿಸಿತು. ಅಳುತ್ತಲೇ ಪೂರ್ತಿ ಕುಡಿದಳು, ಖಾಲಿ ಲೋಟಕ್ಕೆ ಅಪ್ಪನಿಂದ ರಸೀತಿ ಬರೆಸಿಕೊಂಡು ಕಾರು ಹತ್ತಿದಳು.